ಸುಮ್ಮನಿದ್ದರೆ ರೇಟು ಏರದ ಊರು

ಹೊರಡುವ ಮೊದಲು

ನನ್ನ ಸೊಸೆ ಸೈಕಲ್ ಮೇಲಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು, ಹಾಗಾಗಿ ನಾನು ಇಟಲಿ ನೋಡಿದೆ. ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಕಾಗವಾಡದಲ್ಲಿ ಒಣದ್ರಾಕ್ಷಿ ವ್ಯಾಪಾರ ಮಾಡುವವಳಿಗೆ ಮೇ ತಿಂಗಳಲ್ಲಿ ತಲೆ ಬಾಚಿಕೊಳ್ಳಲು ಪುರುಸೊತ್ತು ಇರುವುದಿಲ್ಲ. ಶೆಡ್ಡಿನಲ್ಲಿ ಒಣಗಿದ ಮಾಲನ್ನು ಆರಿಸಬೇಕು, ತೂಗಬೇಕು, ಮಳೆ ಬೀಳುವುದರೊಳಗೆ ಕೋಲ್ಡ್ ಸ್ಟೋರೇಜಿಗೆ ಸೇರಿಸಬೇಕು. ಅಂಥ ಹೊತ್ತಿನಲ್ಲಿ ಯಾರಾದರೂ ದೇಶ ನೋಡಲು ಹೋಗುತ್ತಾರೆಯೇ?

ಸೊಸೆ ಅಶ್ವಿನಿ ಬೇಡಕಿಹಾಳದ ಹುಡುಗಿ. ಚಿಕ್ಕೋಡಿಯಲ್ಲಿ ಬಿಎಸ್ಸಿ ಮುಗಿಸಿ ನಮ್ಮ ಮನೆಗೆ ಬಂದಳು. ಬಂದ ಎರಡನೇ ವರ್ಷಕ್ಕೆ ಇಟಲಿಯಲ್ಲಿ ಭೌತಶಾಸ್ತ್ರದ ಎಂಎಸ್ಸಿಗೆ ಸೀಟು ಸಿಕ್ಕಿತು, ಜೊತೆಗೆ ಸ್ಕಾಲರ್‌ಶಿಪ್ಪೂ ಸಿಕ್ಕಿತು ಎಂದು ಪೇಡೆ ತಂದಳು. ಪುಕ್ಕಟೆ ಬಂದದ್ದನ್ನು ಬಿಡುವ ಪೈಕಿ ನಾನಲ್ಲ. ಹೋಗಿ ಬಾ ಎಂದೆ. ಹೋದ ಎಂಟು ತಿಂಗಳಿಗೆ ಕೈ ಮುರಿದ ಫೋನು ಬಂತು. ನನ್ನ ಮಗ ಪ್ರಕಾಶನಿಗೆ ಪಾಸ್‌ಪೋರ್ಟೇ ಇಲ್ಲ. ನಾನು ಹಿಂದೊಮ್ಮೆ ದುಬೈಗೆ ಸ್ಯಾಂಪಲ್ ತೋರಿಸಲು ಹೋದವಳು, ನನ್ನ ಹತ್ತಿರ ಇತ್ತು. ಅಡುಗೆ ಮಾಡಿ ಹಾಕಲು, ಜಡೆ ಹೆಣೆಯಲು, ಚೀಲ ಹೊರಲು ನಾನೇ ಹೊರಟೆ.

ಮೊದಲ ಜಗಳ ಮುಂಬೈ ವಿಮಾನ ನಿಲ್ದಾಣದಲ್ಲೇ ಆಯಿತು. ನಮ್ಮ ಶೆಡ್ಡಿನ ಕಾಟಾದಲ್ಲಿ ಸರಿಯಾಗಿ ತೂಗಿಕೊಂಡು ಹೋದ ಬ್ಯಾಗು ಅವರ ಕಾಟಾದಲ್ಲಿ ಒಂದು ಕಿಲೋ ಹೆಚ್ಚು ತೋರಿಸಿತು. ಕೌಂಟರಿನ ಹುಡುಗಿಗೆ ಮರಾಠಿಯಲ್ಲಿ ಕೇಳಿದೆ: ಈ ಕಾಟಾ ಪರೀಕ್ಷೆ ಮಾಡಿಸಿ ಸೀಲು ಹೊಡೆಸಿ ಎಷ್ಟು ದಿನವಾಯಿತು? ಅವಳು ನಕ್ಕಳು. ನಾನು ನಗಲಿಲ್ಲ. ನನ್ನ ಹಿಂದಿನ ಸಾಲು ಗೊಣಗತೊಡಗಿತು. ಕೊನೆಗೆ ಒಂದು ಕಿಲೋ ಶೇಂಗಾ ಚಟ್ನಿಯನ್ನು ಆ ಬ್ಯಾಗಿನಿಂದ ತೆಗೆದು ಹೆಗಲ ಚೀಲಕ್ಕೆ ಹಾಕಿಕೊಂಡ ಮೇಲೆ ಎಲ್ಲ ಸರಿಯಾಯಿತು. ಅದೇ ಚಟ್ನಿ, ಅದೇ ವಿಮಾನ, ಹೊತ್ತೊಯ್ಯುವವಳೂ ಅದೇ ನಾನು. ಭಾರ ಎಲ್ಲಿ ಕಡಿಮೆಯಾಯಿತು ಎಂದು ಇವತ್ತಿಗೂ ಯಾರೂ ಹೇಳಿಲ್ಲ. ಹೋಗುವವರಿಗೆ ನನ್ನ ಸಲಹೆ: ಚಟ್ನಿಯನ್ನು ಮೊದಲೇ ಹೆಗಲಿಗೆ ಹಾಕಿಕೊಳ್ಳಿ, ವಾದ ಮಾಡುವ ಹೊತ್ತು ಉಳಿಯುತ್ತದೆ.

ಮೊದಲ ವಾರ: ಮುಟ್ಟಬಾರದು

ಊರಿನ ಹೆಸರು ಬರೆಯಬೇಡಿ ಎಂದಿದ್ದಾಳೆ ಅಶ್ವಿನಿ. ‘ಬರಿಯೋರು ನೀವು, ಬೈಸ್ಕೊಳ್ಳಾಕಿ ನಾನು’ ಅನ್ನುತ್ತಾಳೆ. ಇರಲಿ. ಉತ್ತರ ಇಟಲಿಯ ಒಂದು ಹಳೇ ಊರು. ರಸ್ತೆಯ ಎರಡೂ ಬದಿಗೆ ಕಮಾನಿನ ಪಡಸಾಲೆಗಳು, ಮಳೆ ಬಂದರೂ ಕೊಡೆ ಬೇಡ. ಕಟ್ಟಿದವರಿಗೆ ಬುದ್ಧಿ ಇತ್ತು. ಈಗ ಇರುವವರ ಬಗ್ಗೆ ಮುಂದೆ ಹೇಳುತ್ತೇನೆ.

ಎರಡನೇ ದಿನ ಸಂತೆಗೆ ಹೋದೆವು. ಜರದಾಳು ಹಣ್ಣನ್ನು ಒಣಗಿಸಿದ ಮೇಲೆ ಮಾತ್ರ ನೋಡಿದ್ದ ನನಗೆ ಅಲ್ಲಿ ಹಸಿಯದು ರಾಶಿ ಬಿದ್ದಿದ್ದು ಕಂಡಿತು. ಮೂವತ್ತು ವರ್ಷ ಹಣ್ಣು ಹಿಚುಕಿ ಬದುಕಿದ ಕೈ, ತಾನಾಗಿ ಹೋಯಿತು. ಮಾರುವ ಹೆಂಗಸು ಕಾಗೆ ಓಡಿಸುವಂತೆ ಕೂಗಿದಳು, ‘ನೊನ್ ಸಿ ತೊಕ್ಕಾ!’

‘ಮುಟ್ಟಬಾರದಂತ, ಅತ್ತಿ,’ ಅಂದಳು ಅಶ್ವಿನಿ.

‘ಮುಟ್ಟಲಾರದ ಹೆಂಗ ತಗೊಳ್ಳೂದ?’

‘ಅಕಿನ ಆರಿಸಿ ಕೊಡ್ತಾಳ್ರಿ.’

‘ಮಾರಾಕಿನ ಆರಿಸಿ ಕೊಡೂದಾದ್ರ ಕೊಳ್ಳಾಕಿಗೆ ದೇವರು ಕೈ ಯಾಕ ಕೊಟ್ಟಾನ?’

ಆ ಹೆಂಗಸು ಆರಿಸಿ ಕೊಟ್ಟಳು. ಮನೆಗೆ ಬಂದು ಒಂದೊಂದಾಗಿ ತಿರುಗಿಸಿ ನೋಡಿದೆ. ಒಂದೂ ಕೆಟ್ಟದ್ದಿರಲಿಲ್ಲ. ಅದು ನನಗೆ ಇನ್ನೂ ಸಿಟ್ಟು ತರಿಸಿತು.

ಮುಂದಿನ ಸಲ ನಾನೊಬ್ಬಳೇ ಹೋದೆ. ಅವಳು ಬೆಲೆ ಹೇಳಿದಳು. ನಾನು ನಮ್ಮ ಪದ್ಧತಿಯಂತೆ ಸುಮ್ಮನೆ ನಿಂತೆ, ಹಣ್ಣನ್ನೂ ನೋಡದೆ, ಅವಳನ್ನೂ ನೋಡದೆ. ಇನ್ನೇನು ಇಳಿಸುತ್ತಾಳೆ ಎಂದು ಕಾದರೆ ಅವಳು ನನ್ನ ಹಿಂದಿನ ಮುದುಕನಿಗೆ ‘ನಿಮಗೇನು ಬೇಕು’ ಎಂದು ಕೇಳಿ ತೂಗತೊಡಗಿದಳು. ಅವತ್ತೇ ನನಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ.

ಇನ್ನು ಬಸ್ಸು. ಟಿಕೆಟು ಬಸ್ಸಿನಲ್ಲಿ ಸಿಗುವುದಿಲ್ಲ, ತಂಬಾಕಿನ ಅಂಗಡಿಯಲ್ಲಿ ಸಿಗುತ್ತದೆ. ನಿಪ್ಪಾಣಿಯ ಸುತ್ತ ಅಷ್ಟೊಂದು ತಂಬಾಕು ಬೆಳೆಯುತ್ತಾರೆ, ಒಬ್ಬರಿಗೂ ಈ ಐಡಿಯಾ ಹೊಳೆದಿಲ್ಲ. ಆದರೆ ಕೊಂಡರೆ ಆಗಲಿಲ್ಲ, ಬಸ್ಸಿನೊಳಗಿನ ಒಂದು ಡಬ್ಬಿಗೆ ಅದನ್ನು ತೂರಿಸಿ ಮುದ್ರೆ ಹಾಕಿಸಬೇಕು. ಹಾಕಿಸದೆ ಕೂತಿದ್ದೆ, ಚೆಕಿಂಗಿನವನು ಹಿಡಿದ. ‘ಕೊಂಡೇನಿ ನೋಡಪಾ, ಕೈಯಾಗ ಐತಿ’ ಎಂದು ಕನ್ನಡದಲ್ಲೇ ತೋರಿಸಿದೆ. ಸಿಟ್ಟು ಬಂದಾಗ ನನಗೆ ಬೇರೆ ಭಾಷೆ ಬರುವುದಿಲ್ಲ. ಅವನಿಗೂ ಬರಲಿಲ್ಲ. ದಂಡ ಕಟ್ಟಿಸಿಕೊಂಡೇ ಬಿಟ್ಟ. ಕೊಂಡ ಮಾಲಿಗೆ ಮುದ್ರೆ ಇಲ್ಲವೆಂದು ದಂಡ ಹಾಕುವ ಊರಿನಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿಗಳೇ ಮುಚ್ಚಿರುತ್ತವೆ. ಗಿರಾಕಿ ಬಿಸಿಲಿನಲ್ಲಿ ನಿಂತಿದ್ದಾನೆ, ಶೆಟ್ಟಿ ಮಲಗಿದ್ದಾನೆ. ಇವರು ಹೇಗೆ ಶ್ರೀಮಂತರಾದರೋ ಕಾಣೆ.

ತರಗತಿಯಲ್ಲಿ, ಹಿಂದಿನ ಬೆಂಚು

ಚೀಲ ಹೊತ್ತು ಹೋದವಳು ಹೊರಗೆ ಕೂತು ಏನು ಮಾಡಲಿ ಎಂದು ತರಗತಿಯೊಳಗೇ ಕೂತೆ. ಯಾರೂ ಬೇಡ ಅನ್ನಲಿಲ್ಲ. ಪರಮಾಣುವಿನ ಬೀಜ ಮತ್ತು ಅದರೊಳಗಿನ ಸಣ್ಣ ಕಣಗಳ ಪರಿಚಯ ಮಾಡಿಕೊಡುವ ಪಾಠ ಅದು. ಉಳಿದ ಪೇಪರುಗಳೆಲ್ಲ ಅಶ್ವಿನಿಗೆ ಆಗಿದ್ದವು, ಇದೊಂದು ಬಾಕಿ. ಇದರಲ್ಲಿ ಮೂವತ್ತಕ್ಕೆ ಇಪ್ಪತ್ತೈದು ಬಂದರೆ ಎರಡನೇ ವರ್ಷಕ್ಕೂ ಸ್ಕಾಲರ್‌ಶಿಪ್ ಮುಂದುವರಿಯುತ್ತದೆ. ಇಪ್ಪತ್ನಾಲ್ಕು ಬಂದರೆ ಪಾಸು ಹೌದು, ಸ್ಕಾಲರ್‌ಶಿಪ್ ಇಲ್ಲ, ಓದು ಅಲ್ಲಿಗೇ ನಿಂತಂತೆ. ಕೈಯಿಂದ ಹಾಕಿ ಪರದೇಶದಲ್ಲಿ ಓದಿಸುವಷ್ಟು ದೊಡ್ಡ ವ್ಯಾಪಾರ ನಮ್ಮದಲ್ಲ.

ಪಾಠ ಹೇಳುವ ಮಾಸ್ತರರು ಬಡಕಲು ದೇಹದ, ಬೆಳ್ಳಗಿನ ಗಡ್ಡದ ಮನುಷ್ಯ. ಇಂಗ್ಲಿಷಿನಲ್ಲಿ ಹೇಳುತ್ತಾರೆ, ಕೈಯಲ್ಲಿ ಇಟಾಲಿಯನ್ ಮಾತಾಡುತ್ತಾರೆ. ನನ್ನ ಇಂಗ್ಲಿಷು ಗಿರಾಕಿಗೆ ಸಾಲುವಷ್ಟು. ಉಳಿದದ್ದನ್ನು ಅಶ್ವಿನಿ ಕಿವಿಯಲ್ಲಿ ಹೇಳುತ್ತಿದ್ದಳು. ಒಂದು ದಿನ ಮಾಸ್ತರರು ಹಲಗೆಯ ಮೇಲೆ ನಾಲ್ಕು ಗುಂಡು ಬರೆದರು, ಎರಡು ಪ್ರೋಟಾನು, ಎರಡು ನ್ಯೂಟ್ರಾನು.

‘ಅತ್ತಿ, ಈ ನಾಲ್ಕನ್ನ ಬಿಡಿಬಿಡಿಯಾಗಿ ತೂಗಿದ್ರ ಒಂದ ತೂಕ. ನಾಲ್ಕೂ ಕೂಡಿ ಒಂದ ಬೀಜ ಆತಂದ್ರ ತೂಕ ನೂರಕ್ಕ ಮುಕ್ಕಾಲು ಕಡಿಮಿ.’

‘ಯಾರ ತಗೊಂಡ್ರ?’

‘ಯಾರೂ ತಗೊಂಡಿಲ್ರಿ.’

‘ನೂರ ಕಿಲೋಕ್ಕ ಮುಕ್ಕಾಲ ಕಿಲೋ ಅಂದ್ರ ಬರೋಬ್ಬರಿ ಹಮಾಲರ ಕೈಚಳಕ. ನಿಮ್ಮ ಮಾಸ್ತರಗ ಹೇಳ, ಗಾಡಿ ಇಳಿಸೂಮುಂದ ಖುದ್ದ ನಿಂತ ನೋಡಂತ.’

ನನ್ನ ದನಿ ಸಣ್ಣದಲ್ಲ. ಮಾಸ್ತರರು ಹಲಗೆ ಬಿಟ್ಟು ತಿರುಗಿದರು, ಏನಂದರು ಎಂದು ಕೇಳಿದರು. ಅಶ್ವಿನಿ ಕೆಂಪಾಗಿ ಅದನ್ನು ಇಂಗ್ಲಿಷಿಗೆ ಮಾಡಿದಳು. ಹುಡುಗರು ನಕ್ಕರು. ಮಾಸ್ತರರು ನಗಲಿಲ್ಲ. ‘ಸಿನ್ಯೋರಾ ಕೇಳಿದ್ದು ಸರಿ. ಹೋದದ್ದು ಎಲ್ಲಿಗೆ ಹೋಯಿತು ಎಂದು ಕೇಳದವರು ಈ ಪಾಠಕ್ಕೆ ಬರಬಾರದು’ ಎಂದರಂತೆ. ಆಮೇಲೆ ವಿವರಿಸಿದರು: ಆ ನಾಲ್ಕು ಒಂದಾಗುವ ಹೊತ್ತಿಗೆ ಆ ತೂಕ ಶಕ್ತಿಯಾಗಿ ಹೊರಗೆ ಬಿತ್ತು, ಮತ್ತೆ ಬಿಡಿಸಬೇಕೆಂದರೆ ಅಷ್ಟನ್ನೂ ಎಲ್ಲಿಂದಾದರೂ ತಂದು ಕೊಡಬೇಕು. ನಮ್ಮ ಕಡೆ ವ್ಯಾಪಾರಿಗಳು ತೂಕದಲ್ಲಿ ಬೀಳುವ ಕೊರತೆಗೆ ತೂಟ ಎನ್ನುತ್ತಾರೆ. ತೂಟ ಬಿದ್ದರೆ ಯಾರೋ ಒಬ್ಬರು ಕಳಕೊಂಡಿರಲೇಬೇಕು. ಇವರ ತೂಟದಲ್ಲಿ ಯಾರೂ ಕಳಕೊಂಡಿಲ್ಲ, ಸೂರ್ಯ ಉರಿಯುವುದೇ ಇದರಿಂದ ಅನ್ನುತ್ತಾರೆ. ನಂಬಬೇಕೋ ಬಿಡಬೇಕೋ ತಿಳಿಯದೆ ಚಟ್ನಿ ರೊಟ್ಟಿ ತಿಂದೆ.

ಪರೀಕ್ಷೆ ಎಂಬ ವ್ಯಾಪಾರ

ಕೈ ಮುರಿದವಳು ಹೇಗೆ ಬರೆಯುತ್ತಾಳೆ ಎಂದು ನನಗೆ ಚಿಂತೆ ಇತ್ತು. ಬರೆಯುವುದಿಲ್ಲವಂತೆ. ಅಲ್ಲಿ ಪರೀಕ್ಷೆ ಬಾಯಿಮಾತಿನದು. ಮಾಸ್ತರರ ಎದುರು ಕೂರಬೇಕು, ಅವರು ಕೇಳಿದ್ದಕ್ಕೆ ಹೇಳಬೇಕು. ಬಾಗಿಲು ತೆರೆದೇ ಇರುತ್ತದೆ, ಬೇಕಾದವರು ಒಳಗೆ ಬಂದು ಕೂತು ಕೇಳಬಹುದು. ಇಷ್ಟಾದ ಮೇಲೆ ಮಾಸ್ತರರು ಒಂದು ಅಂಕ ಹೇಳುತ್ತಾರೆ. ಹೇಳಿ, ‘ಅಚ್ಚೆತ್ತಾ?’ ಎಂದು ಕೇಳುತ್ತಾರೆ. ಒಪ್ಪಿಗೆಯೇ ಎಂದು ಅರ್ಥ. ಒಪ್ಪದಿದ್ದರೆ ಆ ಅಂಕ ಬಿಡಬಹುದು.

ನನಗೆ ಕೂತಲ್ಲಿಂದ ಎದ್ದು ನಿಲ್ಲುವಷ್ಟು ಖುಷಿಯಾಯಿತು.

‘ಅಂದ್ರ ಇದು ಚೌಕಾಶಿ!’

‘ಅಲ್ರಿ ಅತ್ತಿ, ಇದು ಪರೀಕ್ಷೆ.’

‘ಅಂವ ರೇಟ್ ಹೇಳ್ತಾನ, ನೀ ಹೂಂ ಇಲ್ಲಾ ಊಹೂಂ ಅಂತಿ. ಇದಕ್ಕ ನಮ್ಮೂರಾಗ ಪರೀಕ್ಷೆ ಅನ್ನೂದಿಲ್ಲವಾ.’

ಇಲ್ಲಿ ನನ್ನ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ನಾನು ಹುಟ್ಟಿದ್ದು ರಾಯಬಾಗ ತಾಲೂಕಿನ ಪಾಲಬಾವಿಯಲ್ಲಿ. ಆಗ ಕನ್ನಡ ಬಿಟ್ಟು ಬೇರೆ ಗೊತ್ತಿರಲಿಲ್ಲ. ಕಾಗವಾಡಕ್ಕೆ ಕೊಟ್ಟ ಮೇಲೆ ಬೇರೆಯವರ ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸಲು ಹೋಗುತ್ತಿದ್ದೆ. ಕೂಲಿಯ ಬದಲು ಸಿಕ್ಕಿದ ಎರಡು ಪೆಟ್ಟಿಗೆ ಮಾಲನ್ನು ಮಾರಲು ಒಮ್ಮೆ ನಾನೇ ಕೂತೆ. ಗಡಿಯಾಚೆಯ ವ್ಯಾಪಾರಿಯೊಬ್ಬ ಬಂದು ಮರಾಠಿಯಲ್ಲಿ ಏನೋ ಅಂದ. ತಿಳಿಯಲಿಲ್ಲ, ನಾಚಿಕೆಯಿಂದ ಸುಮ್ಮನಿದ್ದೆ. ಅವನು ಮತ್ತೇನೋ ಅಂದ. ಮತ್ತೂ ಸುಮ್ಮನಿದ್ದೆ. ಮೂರನೇ ಸಲ ಅವನು ‘ಘಟ್ಟ ಬಾಯಿ ಆಹೇಸ’, ಗಟ್ಟಿ ಹೆಂಗಸು ನೀನು, ಎಂದು ಬೈದು ಹೇಳಿದ ರೇಟು ಇಡೀ ಪೇಟೆಯಲ್ಲಿ ಅವತ್ತು ಯಾರಿಗೂ ಸಿಕ್ಕಿರಲಿಲ್ಲ. ಮರಾಠಿಯನ್ನು ಆಮೇಲೆ ಕಲಿತೆ. ಆದರೆ ಸುಮ್ಮನಿರುವುದನ್ನು ಬಿಡಲಿಲ್ಲ. ನನ್ನ ಶೆಡ್ಡು, ನನ್ನ ಮನೆಯ ಮಾಳಿಗೆ, ಮಗನ ಮದುವೆ ಎಲ್ಲ ಆ ಸುಮ್ಮನಿರುವುದರಿಂದಲೇ ಆದದ್ದು.

ಅದನ್ನೇ ಅಶ್ವಿನಿಗೆ ಹೇಳಿಕೊಟ್ಟೆ. ‘ಮೊದಲನೇ ರೇಟಿಗೆ ಯಾವತ್ತೂ ಹೂಂ ಅನಬ್ಯಾಡ. ಅಂವನ ಮುಖಾ ನೋಡಬ್ಯಾಡ. ಸುಮ್ಮ ಕೂಡ. ತಾನಾಗಿ ಏರಸ್ತಾನ.’

‘ಇಲ್ಲಿ ಹಂಗ ನಡಿಯೂದಿಲ್ರಿ.’

‘ಎಲ್ಲಾ ಕಡೆ ನಡೀತೈತಿ. ಮಾರೋರು ಕೊಳ್ಳೋರು ಎಲ್ಲಾ ಕಡೆ ಅವರ.’

ಮೊದಲ ಸಲ

ಜೂನ್ ನಡುವೆ ಪರೀಕ್ಷೆ. ಕೈಗೆ ಪಟ್ಟಿ ಕಟ್ಟಿಕೊಂಡ ಅಶ್ವಿನಿ ಎದುರು ಕೂತಳು, ನಾನು ಹಿಂದಿನ ಬೆಂಚಿನಲ್ಲಿ. ಭಾರದ ಬೀಜ ಒಡೆದಾಗ ಶಕ್ತಿ ಯಾಕೆ ಬರುತ್ತದೆ ಎಂದು ಕೇಳಿದರು, ಚೆನ್ನಾಗಿ ಹೇಳಿದಳು. ಆಮೇಲೆ ನ್ಯೂಟ್ರಿನೊ ಎಂಬ ಕಣದ ಬಗ್ಗೆ ಕೇಳಿದರು. ಅದನ್ನು ಬಾಯಿಪಾಠ ಒಪ್ಪಿಸಿದಳು. ನನಗೇ ಗೊತ್ತಾಯಿತೆಂದ ಮೇಲೆ ಮಾಸ್ತರರಿಗೆ ಗೊತ್ತಾಗದೆ ಇರುತ್ತದೆಯೇ?

‘ವೆಂತಿಕ್ವಾತ್ರೊ. ಅಚ್ಚೆತ್ತಾ?’

ಸಂತೆಗೆ ಹೋಗಿ ಹೋಗಿ ಅಂಕಿ ಕಲಿತಿದ್ದೆ. ಇಪ್ಪತ್ನಾಲ್ಕು. ಒಂದೇ ಒಂದು ಕಡಿಮೆ! ಒಂದಕ್ಕೆ ಯಾವ ವ್ಯಾಪಾರಿಯೂ ಗಿರಾಕಿಯನ್ನು ಬಿಡುವುದಿಲ್ಲ. ಅಶ್ವಿನಿ ಏನೋ ಹೇಳಲು ಬಾಯಿ ತೆರೆದು, ತಿರುಗಿ ನನ್ನನ್ನು ನೋಡಿದಳು. ನಾನು ಕಣ್ಣು ಮುಚ್ಚಿ ತೆರೆದೆ. ಸುಮ್ಮನಿರು ಎಂದು. ಅವಳು ಬಾಯಿ ಮುಚ್ಚಿ ಮೇಜು ನೋಡುತ್ತ ಕೂತಳು.

ಗೋಡೆಯ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. ನನ್ನ ಲೆಕ್ಕದ ಪ್ರಕಾರ ಇನ್ನು ಹತ್ತು ಎಣಿಸುವುದರೊಳಗೆ ಅವರು ಏರಿಸಬೇಕು. ಮಾಸ್ತರರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಆಮೇಲೆ ಬಹಳ ಮರ್ಯಾದೆಯಿಂದ ತಲೆ ಬಾಗಿಸಿ ‘ಬ್ರಾವಾ’ ಅಂದರು. ಹಾಳೆಯ ಮೇಲೆ ಒಂದು ಗೆರೆ ಎಳೆದರು.

‘ಏನಂದ?’ ಅಂದೆ, ಅವಳು ಎದ್ದು ಬಂದ ಕೂಡಲೇ.

‘ನಾ ಒಪ್ಪಲಿಲ್ಲಂತ ತಿಳಕೊಂಡ್ರು. ಕಡಿಮಿ ಅಂಕಕ್ಕ ಒಪ್ಪಲಾರದ್ದಕ್ಕ ಹೊಗಳಿದ್ರು. ಮುಂದಿನ ಸಲ ಬಾ ಅಂದ್ರು.’

‘ಮುಂದಿನ ಸಲಾ ಇಪ್ಪತ್ನಾಲ್ಕರಿಂದ ಚಾಲೂ ಆಕ್ಕೈತೇನ?’

‘ಸೊನ್ನಿಯಿಂದ.’

ಅಲ್ಲಿಗೂ ನಾನು ಸೋಲು ಒಪ್ಪಿರಲಿಲ್ಲ. ಆದರೆ ಆಮೇಲೆ ಕೂತವಳು ಕೂದಲಿಗೆ ನೀಲಿ ಬಣ್ಣ ಹಚ್ಚಿದ ಒಂದು ಹುಡುಗಿ. ಅವಳಿಗೆ ಇಪ್ಪತ್ಮೂರು ಅಂದರು. ಅವಳು ತಡಮಾಡದೆ ‘ಇನ್ನೊಂದು ಪ್ರಶ್ನೆ ಕೇಳಿ’ ಅಂದಳು. ಕೇಳಿದರು, ಹೇಳಿದಳು, ಇಪ್ಪತ್ತೇಳು ತಗೊಂಡು ಎದ್ದುಹೋದಳು.

ನಾನು ಅಶ್ವಿನಿಯ ಮುಖ ನೋಡಿದೆ.

‘ಹಿಂಗ ಕೇಳಬಹುದು ಅಂತ ನಿನಗ ಗೊತ್ತಿತ್ತೇನ?’

‘ಅದನ್ನ ಕೇಳಾಕ ಬಾಯಿ ತೆರದಿದ್ದೆ, ಅತ್ತಿ. ನಿಮ್ಮನ್ನ ನೋಡಿದೆ. ಮುಚ್ಚಿದೆ.’

ಇಷ್ಟನ್ನೇ ಅಂದಳು. ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ನನ್ನ ಹತ್ತಿರ ಉತ್ತರ ಇರು‌ತ್ತದೆ.

ನಡುವಿನ ಹದಿನೆಂಟು ದಿನ

ಮುಂದಿನ ಪರೀಕ್ಷೆ ಜುಲೈ ಮೊದಲ ವಾರ, ಸ್ಕಾಲರ್‌ಶಿಪ್ಪಿನ ಗಡುವಿಗೆ ಮುಂಚೆ ಅದೇ ಕೊನೆಯದು. ನಾನು ಟಿಕೆಟು ಮುಂದಕ್ಕೆ ಹಾಕಿಸಿದೆ. ಪ್ರಕಾಶನಿಗೆ ಫೋನು ಮಾಡಿ, ಹಸಿರು ಒಣದ್ರಾಕ್ಷಿಯನ್ನು ನಾನು ಬರುವ ತನಕ ಮಾರಬೇಡ, ಅಥಣಿಯ ವ್ಯಾಪಾರಿಗಳು ಎಷ್ಟೇ ಕಾಡಿದರೂ ಮಾರಬೇಡ ಎಂದು ಹೇಳಿದೆ. ‘ಯಾಕ ಉಳದಿ, ಯವ್ವಾ?’ ಅಂದ. ‘ನಿನ್ನ ಹೇಣ್ತಿಗೆ ಹಾಲು ಕಾಸಾಕ’ ಅಂದೆ. ನಿಜ ಹೇಳಲು ನಾಲಿಗೆ ಬರಲಿಲ್ಲ.

ಅಶ್ವಿನಿ ಒಂದು ದಿನವಿಡೀ ಗೋಡೆಯ ಕಡೆ ತಿರುಗಿ ಮಲಗಿದಳು. ಎರಡನೇ ದಿನ ಚಪಾತಿ ಹರಿದು ಕೊಡುವಾಗ ನಾನೇ ಮೊದಲು ಬಾಯಿ ಬಿಟ್ಟೆ. ಕ್ಷಮೆ ಕೇಳಿದೆನೆಂದು ತಿಳಿಯಬೇಡಿ, ಅದು ನನಗೆ ಬರುವುದಿಲ್ಲ. ‘ಅದೇನ ನ್ಯೂಟ್ರಿನೊ, ನನಗ ಮಾರ ನೋಡೂಣು’ ಅಂದೆ. ‘ನಾ ಕೊಳ್ಳಾಕಿ. ನನಗ ಪಟಾಯಿಸು.’

ಅವಳು ಶುರುಮಾಡಿದಳು. ಕೆಲವು ಬೀಜಗಳಿಂದ ಎಲೆಕ್ಟ್ರಾನು ತಾನಾಗಿ ಸಿಡಿದು ಹೊರಬರುತ್ತದೆ. ಹೊರಬಂದಾಗ ಮೊದಲಿದ್ದ ಶಕ್ತಿಗೂ ಆಮೇಲಿನ ಶಕ್ತಿಗೂ ತಾಳೆಯಾಗುವುದಿಲ್ಲ. ಒಂದಿಷ್ಟು ಕಾಣೆ. ಹಾಗಾಗಿ ಕಣ್ಣಿಗೆ ಕಾಣದ, ಏನನ್ನೂ ತಾಗದ ಇನ್ನೊಂದು ಕಣ ಅದನ್ನು ಹೊತ್ತು ಹೋಗಿರಬೇಕು ಎಂದರು.

‘ಯಾರರ ನೋಡಿದ್ರೇನ ಅದನ್ನ?’

‘ಆವಾಗ ಇಲ್ರಿ. ಇಪ್ಪತ್ತೈದು ವರ್ಷ ದಾಟಿದ ಮ್ಯಾಲ ಸಿಕ್ತು.’

‘ಇಪ್ಪತ್ತೈದು ವರ್ಷ! ನಮ್ಮ ಶೆಡ್ಡಿನಾಗ ಮಾಲು ಕಡಿಮಿ ಬಿದ್ದು, ಕಾಣಲಾರದಂವ ಒಯ್ದಾನ ಅಂದ್ರ ಅವನ್ನ ಅವತ್ತ ಸಂಜಿಮಟ ಇಟ್ಕೊಳ್ಳೂದಿಲ್ಲ ನಾ. ಇವರು ಹೆಂಗ ನಂಬಿದ್ರ?’

‘ಅದು...ಅಂದ್ರ, ಬೇಸಿಕಲಿ...’

ಅವಳು ಬೇಸಿಕಲಿ ಅಂದರೆ ಅವಳಿಗೆ ಗೊತ್ತಿಲ್ಲ ಎಂದು ಅರ್ಥ. ಇದನ್ನು ನಾನು ಮೂರನೇ ದಿನಕ್ಕೆ ಹಿಡಿದೆ. ಮಾರುವವನ ದನಿ ಎಲ್ಲಿ ತೆಳುವಾಗುತ್ತದೆಯೋ ಅಲ್ಲಿ ಮಾಲು ಕೆಟ್ಟಿರುತ್ತದೆ. ಅಲ್ಲೇ ಬೆರಳು ಇಟ್ಟೆ. ಅವಳು ಸಿಟ್ಟಿನಿಂದ ಪುಸ್ತಕ ತೆಗೆದು ಎಡಗೈಯಲ್ಲಿ ಹಾಳೆ ತಿರುವಿ ಓದಿದಳು, ಮರುದಿನ ಮತ್ತೆ ಮಾರಲು ಬಂದಳು.

ಅರೆ ಆಯುಷ್ಯ ಎಂಬ ಇನ್ನೊಂದು ಪಾಠದ ಮೇಲೆ ನಮಗೆ ಎರಡು ದಿನ ಜಗಳವಾಯಿತು. ಇಂಥ ಬೀಜ ನೂರಿದ್ದರೆ ಇಷ್ಟು ಹೊತ್ತಿಗೆ ಸುಮಾರು ಐವತ್ತು ಹೋಗುತ್ತವೆ, ಆದರೆ ಯಾವ ಐವತ್ತು ಎಂದು ಹೇಳಲು ಬರುವುದಿಲ್ಲ ಅನ್ನುತ್ತಾಳೆ.

‘ಹಳೇವು ಮೊದಲ ಹೊಕ್ಕಾವ. ಇದರಾಗ ಹೇಳಾಕ ಬರಲಾರದ್ದೇನೈತಿ?’

‘ಅವಕ್ಕ ಹಳೇದು ಹೊಸದು ಅನ್ನೂದ ಇಲ್ಲ, ಅತ್ತಿ. ಸಾವಿರ ವರ್ಷ ಕೂತದ್ದೂ ಒಂದ, ಈಗ ಹುಟ್ಟಿದ್ದೂ ಒಂದ.’

‘ವಯಸ್ಸ ಆಗಲಾರದ ಮಾಲಾ? ಹಂಗಂದ್ರ ಕೋಲ್ಡ್ ಸ್ಟೋರೇಜಿನವರು ಹೊಟ್ಟೀಗೇನ ತಿನ್ನಬೇಕ?’

ನಕ್ಕಳು. ಪರೀಕ್ಷೆ ಕೆಟ್ಟ ಮೇಲೆ ಮೊದಲ ಸಲ. ಆದರೆ ಪೂರ್ತಿ ರಾಜಿಯಾಯಿತೆಂದಲ್ಲ. ಪರೀಕ್ಷೆಯ ಹಿಂದಿನ ದಿನ ಅವಳ ಜಡೆ ಹೆಣೆಯುತ್ತ ನಾನು ಕೊನೆಯ ಸಲಹೆ ಕೊಟ್ಟೆ. ‘ಒಂದ ನೆನಪಿಡ. ಗೊತ್ತಿಲ್ಲ ಅಂತ ಮಾತ್ರ ಅನಬ್ಯಾಡ. ಮಾತ ಹೊರಳಸು, ಕೆಮ್ಮು, ನೀರ ಕೇಳ. ಮಾಲಿನಾಗಿನ ಹುಳುಕು ಮಾರಾಕಿ ತನ್ನ ಬಾಯಿಲೆ ಹೇಳಬಾರದ.’

ಅವಳು ಕನ್ನಡಿಯಲ್ಲಿ ನನ್ನನ್ನೇ ನೋಡಿದಳು. ‘ಅತ್ತಿ, ನಾಳೆ ನೀವು ಹೊರಗ ಕೂಡ್ರಿ.’

ಎರಡನೆಯ ಸಲ

ಕೂತೆ. ಬಾಗಿಲ ಹೊರಗೆ ಒಂದು ಕಲ್ಲಿನ ಕಟ್ಟೆ. ಬಾಗಿಲು ತೆರೆದೇ ಇರಬೇಕೆಂಬ ಅವರ ಕಾಯ್ದೆಗೆ ಅವತ್ತು ಮಾತ್ರ ಕೈಮುಗಿದೆ. ಮುಖ ಕಾಣಿಸುವುದಿಲ್ಲ, ದನಿ ಕೇಳಿಸುತ್ತದೆ.

ಅಶ್ವಿನಿಗಿಂತ ಮುಂಚೆ ಒಬ್ಬ ಹುಡುಗ. ಇಪ್ಪತ್ತೈದು ಅಂದರು. ಇನ್ನೊಂದು ಪ್ರಶ್ನೆ ಬೇಕು ಅಂದ. ಆಮೇಲೆ ಹತ್ತು ನಿಮಿಷ ನಿಲ್ಲಿಸದೆ ಮಾತಾಡಿದ, ನಾನು ಹೇಳಿಕೊಟ್ಟಂತೆಯೇ ಹೊರಳಿಸಿ ಹೊರಳಿಸಿ. ಮಾಸ್ತರರು ಇಪ್ಪತ್ತೆರಡು ಅಂದರು. ಹೀಗೆ ಇಳಿಯಲೂ ಬಹುದು ಎಂದು ಯಾರೂ ನನಗೆ ಹೇಳಿರಲಿಲ್ಲ! ಅವನು ಹೊರಗೆ ಬಂದು ನನ್ನ ಪಕ್ಕದಲ್ಲೇ ಕೂತು ತಲೆ ಹಿಡಿದುಕೊಂಡ. ನನ್ನ ಚೀಲದಿಂದ ಒಂದು ಹಿಡಿ ಒಣದ್ರಾಕ್ಷಿ ಕೊಟ್ಟೆ.

ಅಶ್ವಿನಿಯ ದನಿ ಶುರುವಾಯಿತು. ಅರೆ ಆಯುಷ್ಯ ಕೇಳಿದರು. ಗಟ್ಟಿ ದನಿ, ಎಲ್ಲೂ ತೆಳುವಾಗಲಿಲ್ಲ, ಒಂದೂ ಬೇಸಿಕಲಿ ಬರಲಿಲ್ಲ. ಆಮೇಲೆ ಯಾವುದೋ ಲೆಕ್ಕ, ಎಡಗೈಯಲ್ಲಿ ಹಲಗೆಯ ಮೇಲೆ ಬರೆಯುವ ಸದ್ದು. ಅಲ್ಲಿ ತಡವರಿಸಿದಳು, ಒರೆಸಿದಳು, ಮತ್ತೆ ಬರೆದಳು.

‘ವೆಂತಿಕ್ವಾತ್ರೊ. ಅಚ್ಚೆತ್ತಾ?’

ಮತ್ತೆ ಇಪ್ಪತ್ನಾಲ್ಕು! ಈ ಮನುಷ್ಯನಿಗೆ ಬೇರೆ ಅಂಕಿ ಬರುವುದಿಲ್ಲವೇ ಎನ್ನುವಷ್ಟರಲ್ಲಿ ಒಳಗೆ ಮಾತು ನಿಂತಿತು. ಅಶ್ವಿನಿ ಸುಮ್ಮನಿದ್ದಾಳೆ. ನಾನು ಕಟ್ಟೆಯಿಂದ ಎದ್ದೆ. ಮಾತಾಡ, ಯವ್ವಾ, ಮಾತಾಡ, ನಾ ಹೇಳಿದ್ದೆಲ್ಲ ಸುಳ್ಳ, ಮಾತಾಡ ಎಂದು ಬಾಯೊಳಗೇ ಅಂದೆ. ಆ ಹುಡುಗ ಒಣದ್ರಾಕ್ಷಿ ಅಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದ.

‘ಇನ್ನೊಂದು ಪ್ರಶ್ನೆ ಕೇಳಿ,’ ಅಂದಳು ಅಶ್ವಿನಿ, ಇಂಗ್ಲಿಷಿನಲ್ಲಿ.

ಕೇಳಿದರು. ನ್ಯೂಟ್ರಿನೊಗೆ ಒಂದು ಜೋಡಿ ಇರುತ್ತದಂತೆ, ಪ್ರತಿಕಣ ಎಂದು ಹೆಸರು. ಆ ಎರಡೂ ಬೇರೆ ಬೇರೆಯೋ, ಇಲ್ಲಾ ಎರಡೂ ಒಂದೆಯೋ? ಪ್ರಶ್ನೆ ಇಷ್ಟೇ ಎಂದು ಆಮೇಲೆ ತಿಳಿಯಿತು. ಅವತ್ತು ನನಗೆ ತಿಳಿದದ್ದು ಅವಳ ಉತ್ತರ ಮಾತ್ರ, ಯಾಕೆಂದರೆ ಅದು ನನ್ನ ಇಂಗ್ಲಿಷಿನೊಳಗೆ ಬರುವಷ್ಟು ಸಣ್ಣದಿತ್ತು.

‘ಐ ಡೋಂಟ್ ನೋ.’

ಒಂದು ಕೆಮ್ಮಿಲ್ಲ, ನೀರು ಕೇಳಲಿಲ್ಲ. ಹುಳುಕಿದ ಹಣ್ಣನ್ನು ರಾಶಿಯ ಮೇಲೇ ಇಟ್ಟು ತೋರಿಸಿಬಿಟ್ಟಳು. ಎರಡನೇ ವರ್ಷ ಹೋಯಿತು. ಬೇಡಕಿಹಾಳದ ಬೀಗರಿಗೆ ಏನು ಹೇಳಲಿ ಎಂದು ಮಾತು ಜೋಡಿಸಿಕೊಳ್ಳತೊಡಗಿದೆ.

ಆದರೆ ಅವಳ ಮಾತು ನಿಂತಿರಲಿಲ್ಲ. ಗೊತ್ತಿಲ್ಲ, ಆದರೆ ತಿಳಿಯಬೇಕೆಂದರೆ ಹೀಗೆ ಮಾಡಬಹುದು ಎಂದು ಹೇಳುತ್ತಿದ್ದಳು. ಒಂದೇ ಬೀಜದಲ್ಲಿ ಎರಡು ಎಲೆಕ್ಟ್ರಾನು ಒಟ್ಟಿಗೆ ಸಿಡಿಯುವುದನ್ನು ಕಾಯಬೇಕು. ಸಾಮಾನ್ಯವಾಗಿ ಜೊತೆಗೆ ಎರಡು ಕಾಣದ ಕಣಗಳೂ ಹೊರಗೆ ಹೋಗುತ್ತವೆ, ತೂಟ ಬೀಳುತ್ತದೆ. ನ್ಯೂಟ್ರಿನೊ, ಅದರ ಪ್ರತಿಕಣ ಎರಡೂ ಒಂದೇ ಆಗಿದ್ದರೆ ಎಂದಾದರೊಮ್ಮೆ ಅವು ಒಳಗೊಳಗೇ ತೀರಿಹೋಗಿ ತೂಟವೇ ಬೀಳಬಾರದು. ಅಂಥದ್ದು ಒಂದು ಕಂಡರೂ ಸಾಕು. ಇದನ್ನು ನನಗೆ ಹೇಳಿದ್ದು ಅವಳೇ, ಆಮೇಲೆ ಮನೆಗೆ ಹೋಗುವ ಬಸ್ಸಿನಲ್ಲಿ. ಆ ಹೊತ್ತಿಗೆ ಬಾಗಿಲ ಆಚೆಯಿಂದ ನನಗೆ ಕೇಳಿದ್ದು ತಡವರಿಸದ ದನಿಯಷ್ಟೇ.

ಆಮೇಲೆ ಮಾಸ್ತರರ ದನಿ. ‘ಐ ಆಲ್ಸೋ ಡೋಂಟ್ ನೋ.’

ಒಳಗಿದ್ದವರು ನಕ್ಕರು. ಆಮೇಲೆ ಅವರು ‘ವೆಂತಿಸೆತ್ತೆ’ ಅಂದರು. ಇಪ್ಪತ್ತೇಳು. ಅವರು ಅಚ್ಚೆತ್ತಾ ಎಂದು ಪೂರ್ತಿ ಕೇಳುವ ಮೊದಲೇ ‘ಅಚ್ಚೆತ್ತೊ!’ ಎಂದು ನಮ್ಮ ಹುಡುಗಿ ಕೂಗಿದ್ದು ಕಮಾನಿನ ಪಡಸಾಲೆಯ ತುದಿಯವರೆಗೆ ಕೇಳಿಸಿತು.

ಹೊರಗೆ ಬಂದಳು. ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ ಇತ್ತೆಂದು ಅವಳು ಅನ್ನುತ್ತಾಳೆ, ಅದು ಬಿಸಿಲಿಗೆ.

‘ಗೊತ್ತಿಲ್ಲ ಅಂದ್ಯಲ್ಲ?’

‘ಗೊತ್ತಿರಲಿಲ್ರೀ.’

‘ಮತ್ತ ಅಂವಗ?’

‘ಅವರಿಗೂ ಗೊತ್ತಿಲ್ಲ. ಯಾರಿಗೂ ಇನ್ನಾ ಗೊತ್ತಿಲ್ಲ. ಹುಡಕಾಕತ್ಯಾರ.’

‘ತನ್ನ ಅಂಗಡ್ಯಾಗ ಇಲ್ಲದ ಮಾಲಿಗೆ ನಿನ್ನ ಹತ್ರ ರೇಟ್ ಕೇಳಿದನ?’

‘ಹೌದ್ರಿ. ಇಲ್ಲದ್ದನ್ನ ಐತಿ ಅಂತ ಹೇಳ್ತಾಳೋ ಇಲ್ಲೋ ಅಂತ ನೋಡಿದ್ರು.’

ಮೂವತ್ತು ವರ್ಷ ಪೇಟೆಯಲ್ಲಿ ಕೂತಿದ್ದೇನೆ. ಗೊತ್ತಿಲ್ಲದವನು ಕೇಳಿ, ಗೊತ್ತಿಲ್ಲದವಳು ಹೇಳಿ, ಇಬ್ಬರಿಗೂ ಗೊತ್ತಿಲ್ಲವೆಂದು ಖಾತ್ರಿಯಾದ ಮೇಲೆ ಮೂರು ಅಂಕ ಏರಿದ್ದನ್ನು ಎಲ್ಲೂ ಕಂಡಿಲ್ಲ. ಆದರೂ ನಿಮ್ಮ ಮನೆಯ ಮಕ್ಕಳು ಆ ಊರಿಗೆ ಓದಲು ಹೋಗುವುದಾದರೆ ಹೇಳುವುದು ನನ್ನ ಧರ್ಮ, ಮನಸ್ಸಿಲ್ಲದಿದ್ದರೂ ಹೇಳುತ್ತೇನೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಗಟ್ಟಿಯಾಗಿ ಅನ್ನಿ. ಒಣದ್ರಾಕ್ಷಿ ಮಾರುವಾಗ ಮಾತ್ರ ಅನ್ನಬೇಡಿ.